ಸಾಫ್ಟ್ ಕೋರಲ್ ಜೋಡಣೆ: ಬಣ್ಣ ಬೇಕಾದಷ್ಟಿದೆ, ನೋಟ ಮಾತ್ರ ಕೂರುತ್ತಿಲ್ಲ. ಯಾವುದನ್ನು ಎಲ್ಲಿಡಲಿ?

1. ಉಪ್ಪುಗಾಳಿ
ಎಲ್ಲರಿಗೂ ನಮಸ್ಕಾರ. ನನ್ನ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ 90×45×45 ಸೆಂ.ಮೀ. ಕಲ್ಲು, ಮರಳು ಕಳೆದರೆ ನೀರು ಹೆಚ್ಚುಕಮ್ಮಿ 150 ಲೀಟರ್. ಶುರುವಾಗಿ ಏಳು ತಿಂಗಳು. ಎರಡು ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ಸೇರಿ ಗಂಟೆಗೆ 4000 ಲೀಟರ್ ತಳ್ಳುತ್ತವೆ. ಇರುವುದೆಲ್ಲ ಸಾಫ್ಟಿಗಳೇ, ಅಂದರೆ ಮೃದು ಹವಳಗಳು: 8 ಸೆಂ.ಮೀ. ತಲೆಯ ಟೋಡ್‌ಸ್ಟೂಲ್ ಲೆದರ್, ಒಂದು ಫಿಂಗರ್ ಲೆದರ್, ಜಿಎಸ್‌ಪಿ (ಗ್ರೀನ್ ಸ್ಟಾರ್ ಪಾಲಿಪ್), ಜೀನಿಯಾ, ಕೆಂಪು ಮತ್ತು ನೀಲಿ ಮಶ್ರೂಮ್ ಹವಳ, ಆರು ಬಗೆಯ ಜೋವಾ (ಜೋವಾಂಥಿಡ್).

ತೊಂದರೆ ಮೂರು. ಒಂದು, ಫ್ರ್ಯಾಗ್‌ಗಳನ್ನು (ಹವಳದ ಚಿಕ್ಕ ತುಂಡುಗಳನ್ನು) ಸಿಕ್ಕಲ್ಲಿ ಅಂಟಿಸಿದ್ದರಿಂದ ಕಲ್ಲಿನ ಮೇಲೆ ಗುಂಡಿ ಹೊಲಿದ ಹಾಗೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿದೆ. ಎರಡು, ಕಲ್ಲಿನ ನೆತ್ತಿಯಲ್ಲಿರುವ ಟೋಡ್‌ಸ್ಟೂಲ್ ಹತ್ತು ದಿನದಿಂದ ಪಾಲಿಪ್ (ಮೈಮೇಲಿನ ಹೂವಿನಂಥ ಪುಟ್ಟ ಬಾಯಿಗಳು) ಬಿಚ್ಚಿಲ್ಲ. ಮೂರು, ಜಿಎಸ್‌ಪಿ ಜೋವಾಗಳ ಕಡೆ ಹರಿಯುತ್ತಿದೆ. ಟೆಸ್ಟ್: ಸಲಿನಿಟಿ 1.025, ಉಷ್ಣತೆ 25.5, ಆಲ್ಕಲಿನಿಟಿ 8.4 ಡಿಕೆಎಚ್, ಕ್ಯಾಲ್ಸಿಯಂ 420, ಮೆಗ್ನೀಷಿಯಂ 1320, ನೈಟ್ರೇಟ್ 1, ಫಾಸ್ಫೇಟ್ 0. ಎಲ್ಲ ಕಿತ್ತು ಹೊಸದಾಗಿ ಜೋಡಿಸಲು ತಯಾರಿದ್ದೇನೆ.

2. ಅಲೆಮನೆ
ಜಿಎಸ್‌ಪಿ ಮೊದಲು ಈಚೆಗೆ ತೆಗೀರಿ. ಮಿಕ್ಕಿದ್ದು ಆಮೇಲೆ.

3. ಕಲ್ಲುಜೋಡಿ
ಹೊಸದಾಗಿ ಜೋಡಿಸುವುದೇ ಆದರೆ ಬಣ್ಣವನ್ನು ಕೊನೆಗಿಡಿ. ಮೊದಲು ನೋಡಬೇಕಾದ್ದು ಒಂದೂವರೆ ವರ್ಷದ ನಂತರ ಯಾವುದು ಎಷ್ಟು ಜಾಗ ತಿನ್ನುತ್ತದೆ ಅನ್ನುವುದು. ಇವತ್ತಿನ 8 ಸೆಂ.ಮೀ. ಟೋಡ್‌ಸ್ಟೂಲ್ 25-30 ಸೆಂ.ಮೀ. ಅಗಲದ ಕೊಡೆಯಾಗುತ್ತದೆ. ಅದು ನೆತ್ತಿಯಲ್ಲಿದ್ದರೆ ಕೆಳಗಿನ ಜೋವಾಗಳಿಗೆಲ್ಲ ನೆರಳು. 45 ಸೆಂ.ಮೀ. ಆಳದ ಟ್ಯಾಂಕಿನಲ್ಲಿ ಕೊಡೆ ನೀರಿನ ಮಟ್ಟಕ್ಕೂ ತಾಗಬಹುದು.

ಹಾಗಾಗಿ ಟೋಡ್‌ಸ್ಟೂಲ್ ಅನ್ನು ಎಡದಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ, ಕಲ್ಲಿನ ನಡುಮಟ್ಟದಲ್ಲಿ, ಸ್ವಲ್ಪ ಹಿಂದಕ್ಕೆ ಕೂರಿಸಿ. ಅದರ ಬುಡದ ನೆರಳು ಹಾಳಾಗುವುದಿಲ್ಲ, ಮಶ್ರೂಮ್‌ಗಳಿಗೆ ಬೇಕಾದ್ದು ಅದೇ. ಫಿಂಗರ್ ಲೆದರ್ ಬಲತುದಿಗೆ, ಎರಡರ ನಡುವೆ ಕನಿಷ್ಠ 25 ಸೆಂ.ಮೀ. ಜೋವಾ ತೋಟ ಮುಂದಿನ ಇಳಿಜಾರಿನಲ್ಲಿ. ಜಿಎಸ್‌ಪಿ, ಜೀನಿಯಾ ಇವೆರಡೂ ಮುಖ್ಯ ಕಲ್ಲಿನ ಮೇಲೆ ಬೇಡವೇ ಬೇಡ. ಮರಳಿನ ನಡುವೆ ಒಂದೊಂದಕ್ಕೂ ಬೇರೆ ಬೇರೆ ಬಿಡಿಕಲ್ಲು ಕೊಡಿ, ಸುತ್ತ 10-12 ಸೆಂ.ಮೀ. ಬರಿ ಮರಳಿರಲಿ. ಜಿಎಸ್‌ಪಿಯ ನೇರಳೆ ಚಾಪೆ ಗಟ್ಟಿ ಮೈ ಹಿಡಿದು ಹರಿಯುತ್ತದೆ, ಸಡಿಲ ಮರಳನ್ನು ದಾಟುವುದು ಅದಕ್ಕೆ ಕಷ್ಟ.

4. ನೀಲಿಹೊತ್ತು
ಬಣ್ಣವನ್ನು ಕೊನೆಗಿಡಿ ಅನ್ನುವುದನ್ನು ಒಪ್ಪುವುದಿಲ್ಲ ಸರ್. ಜಾಗ, ಬಣ್ಣ ಎರಡನ್ನೂ ಒಟ್ಟಿಗೆ ಯೋಚಿಸದಿದ್ದರೆ ಮತ್ತೆ ಕೀಳಬೇಕಾಗುತ್ತದೆ. ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಈಗ ನೋಡುತ್ತಿರುವುದು ಯಾವ ಬೆಳಕಿನಲ್ಲಿ? ಬರೀ ನೀಲಿ ಚಾನೆಲ್ ಉರಿಯುವಾಗ ಹಸಿರು, ಕಿತ್ತಳೆ ಜೋವಾಗಳು ತಾವೇ ಹೊಳೆಯುತ್ತವೆ. ಆ ಬಣ್ಣ ಮೈಯೊಳಗಿನ ಫ್ಲೋರೆಸೆಂಟ್ ಪ್ರೋಟೀನಿನದು, ನೀಲಿ ಬೆಳಕನ್ನು ಹೀರಿ ಬೇರೆ ಬಣ್ಣವಾಗಿ ಬಿಡುತ್ತದೆ. ಎಷ್ಟೋ ಕೆಂಪು ಮಶ್ರೂಮ್‌ಗಳಿಗೆ ಆ ಗುಣವಿಲ್ಲ. ನೀಲಿ ಬೆಳಕಿನಲ್ಲಿ ಹಿಂತಿರುಗಿಸಲು ಕೆಂಪೇ ಇರುವುದಿಲ್ಲವಾದ್ದರಿಂದ ಅವು ಕಪ್ಪು ಮಚ್ಚೆಯ ಹಾಗೆ ಕಾಣುತ್ತವೆ. ಬಿಳಿ ಚಾನೆಲ್ ಏರಿಸಿದರೆ ಅದೇ ಮಶ್ರೂಮ್ ದಾಳಿಂಬೆ ಬಣ್ಣಕ್ಕೆ ಬರುತ್ತದೆ. ಜೋಡಿಸುವ ದಿನ ಎರಡೂ ಬೆಳಕಿನಲ್ಲಿ ಒಂದೊಂದು ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಕೂರುವ ಜೋಡಣೆಯೇ ಉಳಿಯುವುದು.

ಚುಕ್ಕೆ ಚುಕ್ಕೆ ಕಾಣುವುದಕ್ಕೆ ಕಾರಣ ಫ್ರ್ಯಾಗ್‌ಗಳು ಚಿಕ್ಕವು ಅನ್ನುವುದಲ್ಲ, ಒಂದೇ ಬಣ್ಣ ಐದು ಕಡೆ ಹರಡಿರುವುದು. ಒಂದು ಬಗೆಯದನ್ನೆಲ್ಲ ಒಂದೇ ಕಡೆ ಸೇರಿಸಿ, ಅಂಗೈಯಷ್ಟು ಹರವಾಗಲಿ. ಕಂದು, ಕೆನೆ ಬಣ್ಣದ ಲೆದರ್ ಇದೆಯಲ್ಲ, ಅದನ್ನು ಬಣ್ಣವಿಲ್ಲದ್ದು ಅಂತ ಮೂಲೆಗೆ ತಳ್ಳಬೇಡಿ. ಕಣ್ಣು ನಿಲ್ಲುವುದಕ್ಕೆ ಅಂಥದೊಂದು ಬೇಕು, ಅದರ ಪಕ್ಕದಲ್ಲೇ ಹಸಿರು ಹಸಿರಾಗಿ ಕಾಣುವುದು.

5. ಸಂಪುಗಾರ
ನೈಟ್ರೇಟ್ 1, ಫಾಸ್ಫೇಟ್ 0 ನೋಡಿಯೂ ಯಾರೂ ಮಾತಾಡ್ತಿಲ್ಲವಲ್ಲ! ಸಾಫ್ಟಿ ಟ್ಯಾಂಕಿಗೆ ಇದು ಉಪವಾಸ. ಮಶ್ರೂಮ್ ಮುದುಡೋದು, ಜೋವಾ ಕುಗ್ಗೋದು, ಮರಳಿನ ಮೇಲೆ ಗಾಳಿಗುಳ್ಳೆ ಸಿಕ್ಕಿಸಿಕೊಂಡ ಕಂದು ಲೋಳೆ ಬರೋದು, ಎಲ್ಲಾ ಇಲ್ಲಿಂದಲೇ. ಫಾಸ್ಫೇಟ್ ಪೂರ್ತಿ ಬತ್ತಿದ ಟ್ಯಾಂಕ್ ಡೈನೋಫ್ಲಾಜೆಲ್ಲೇಟ್ ಅನ್ನೋ ಸೂಕ್ಷ್ಮಜೀವಿಗಳಿಗೆ ತೆರೆದ ಬಾಗಿಲು. ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.03ರಿಂದ 0.1 ಇರಲಿ. ಜಿಎಫ್‌ಒ (ಫಾಸ್ಫೇಟ್ ಹೀರೋ ಕಬ್ಬಿಣದ ಕಾಳು) ಹಾಕಿದ್ರೆ ತೆಗೀರಿ, ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯೋದು) ರಾತ್ರಿ ಮಾತ್ರ ಓಡಿಸಿ. ಎರಡು ವಾರ ಬಿಟ್ಟು ಮತ್ತೆ ಟೆಸ್ಟ್. ಒಂದೇ ದಿನ ಏರಿಸಬೇಡಿ.

6. ಉಪ್ಪುಗಾಳಿ
ಜಿಎಫ್‌ಒ ರಿಯಾಕ್ಟರ್‌ನಲ್ಲಿ ಓಡುತ್ತಿದೆ, ಈಗಲೇ ನಿಲ್ಲಿಸುತ್ತೇನೆ. ಆ ರಿಯಾಕ್ಟರ್‌ಗೆ ಕಾರ್ಬನ್ (ಇದ್ದಿಲು ಕಾಳು) ಹಾಕಬಹುದಾ? ಲೆದರ್ ಮುಚ್ಚಿರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

7. ಮೃದುಹವಳ
ಟೋಡ್‌ಸ್ಟೂಲ್ ಮುಚ್ಚಿದ್ದು ರೋಗ ಅಂತ ಓಡಬೇಡಿ. ಹತ್ತಿರದಿಂದ ನೋಡಿ: ತಲೆಯ ಮೇಲೆ ಈರುಳ್ಳಿಯ ಒಳಪೊರೆಯಂಥ ತೆಳ್ಳನೆ ಮೇಣದ ಹೊದಿಕೆ, ಕೆಲವು ಕಡೆ ಅದಕ್ಕೆ ಪಾಚಿ ಹತ್ತಿ ಮಬ್ಬಾಗಿರುತ್ತದೆ. ಲೆದರ್ ಮೈ ತೊಳೆದುಕೊಳ್ಳುವುದು ಹೀಗೆ. ಪೊರೆ ಅಂಚಿನಲ್ಲಿ ಎದ್ದು, ಅಲೆಯಲ್ಲಿ ಪಟಪಟ ಬಡಿದು, ಹಾಳೆ ಹಾಳೆಯಾಗಿ ಕಳಚಿ ಹೋಗಬೇಕು. ಒಂದು ವಾರದಿಂದ ಎರಡು ವಾರ ಹಿಡಿಯುವುದು ಸಹಜ. ಅಲೆ ಸಾಲದಿದ್ದರೆ ಪೊರೆ ಅಲ್ಲೇ ಕೂತು ಕೆಳಗಿನ ಚರ್ಮ ಕೊಳೆಯುತ್ತದೆ. ಕಪ್ಪು ಮಚ್ಚೆ, ಕೆಟ್ಟ ವಾಸನೆ, ಬುಡ ಮೆತ್ತಗಾಗಿ ಬಾಗುವುದು ಇದ್ದರೆ ಮಾತ್ರ ಗಾಬರಿಯಾಗಿ. ಆಗ ಕೊಳೆತ ಭಾಗವನ್ನು ಹರಿತ ಬ್ಲೇಡಿನಿಂದ ಆರೋಗ್ಯವಾದ ಮಾಂಸದವರೆಗೂ ಕತ್ತರಿಸಿ ತೆಗೆಯಬೇಕು.

ಕಾರ್ಬನ್ ಖಂಡಿತ ಹಾಕಿ. ಸಾರ್ಕೋಫೈಟಾನ್, ಸಿನುಲೇರಿಯಾ, ಅಂದರೆ ನಿಮ್ಮ ಟೋಡ್‌ಸ್ಟೂಲ್ ಮತ್ತು ಫಿಂಗರ್, ಎರಡೂ ಟರ್ಪೀನ್ ಜಾತಿಯ ರಾಸಾಯನಿಕ ಬಿಡುತ್ತವೆ. ಮುಟ್ಟದೆಯೇ ಪಕ್ಕದವರ ಬೆಳವಣಿಗೆ ತಡೆಯುತ್ತವೆ. 150 ಲೀಟರಿಗೆ ನಾಲ್ಕು ದೊಡ್ಡ ಚಮಚ ಸಾಕು. ಆರ್‌ಒ ನೀರಿನಲ್ಲಿ ಕಪ್ಪು ಧೂಳು ಹೋಗುವ ತನಕ ತೊಳೆಯಿರಿ. ರಿಯಾಕ್ಟರ್‌ನಲ್ಲಿ ಕಾಳು ಕುಣಿಯಬಾರದು, ಒಂದಕ್ಕೊಂದು ಉಜ್ಜಿ ಪುಡಿಯಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಮೊದಲ ವಾರ ಅರ್ಧ ಅಳತೆಯೇ ಹಾಕಿ. ಹಳದಿಗಟ್ಟಿದ ನೀರು ಒಮ್ಮೆಲೇ ತಿಳಿಯಾದರೆ ಬೆಳಕು ಜಾಸ್ತಿ ಇಳಿದು ಮಶ್ರೂಮ್ ಬಿಳಿಚಿಕೊಳ್ಳುತ್ತವೆ.

8. ಅಲೆಮನೆ
ಇದಕ್ಕೇ ಹೇಳೋದು, ಲೆದರ್ ಇದ್ದ ಕಡೆ ಅಕ್ರೋಪೋರಾ (ಕಲ್ಲುಹವಳ) ಆಸೆ ಇಟ್ಕೋಬೇಡಿ ಅಂತ.

9. ಕಲ್ಲುಜೋಡಿ
ಕಾರ್ಬನ್, ನೀರು ಬದಲಾವಣೆ ಸರಿಯಿದ್ದರೆ ಎರಡೂ ಇರುವ ಟ್ಯಾಂಕ್‌ಗಳು ಬೇಕಾದಷ್ಟಿವೆ. ಆದರೆ 150 ಲೀಟರಿನಲ್ಲಿ ಬೇಡ, ಅಷ್ಟು ಒಪ್ಪುತ್ತೇನೆ.

10. ಹಿಂಗೋಡೆ
ಜಿಎಸ್‌ಪಿಗೆ ಬಿಡಿಕಲ್ಲೇ ಯಾಕೆ? ಹಿಂದಿನ ಗಾಜಿಗೆ ಹಬ್ಬಿಸಿ. ಗಾಳಿಗೆ ತೂಗುವ ಹುಲ್ಲುಗಾವಲು ಹಿಂದೆ ನಿಂತ ಹಾಗೆ ಇರುತ್ತದೆ, ಮುಂದಿನದೆಲ್ಲ ಎದ್ದು ಕಾಣುತ್ತದೆ. ಬ್ಲೇಡಿನಿಂದ ಕಲ್ಲಿನ ಮೇಲಿನ ಚಾಪೆ ಎಬ್ಬಿಸಿ, 3 ಸೆಂ.ಮೀ. ತುಂಡು ಮಾಡಿ, ಜೆಲ್ ಸೂಪರ್‌ಗ್ಲೂ ಹಚ್ಚಿ ಗಾಜಿಗೆ ಒತ್ತಿದರೆ ಮುಗಿಯಿತು.

11. ಸಂಪುಗಾರ
ಮುಗಿಯೋದು ಅಲ್ಲೇ ಸ್ವಾಮಿ, ಶುರುವಾಗೋದೂ ಅಲ್ಲೇ. ಓವರ್‌ಫ್ಲೋ (ನೀರು ಹೊರಹೋಗೋ ಕಿಂಡಿ) ಹಲ್ಲುಗಳ ಮೇಲೆ ಚಾಪೆ ಹಬ್ಬಿದ್ರೆ ನೀರು ಕೆಳಗಿನ ಸಂಪ್ ತೊಟ್ಟಿಗೆ ಇಳಿಯೋದು ಕಮ್ಮಿಯಾಗಿ ಟ್ಯಾಂಕ್ ಮಟ್ಟ ಏರುತ್ತೆ. ಹಿಂಗಾಜಿಗೆ ಹಬ್ಬಿಸೋದಾದ್ರೆ ಓವರ್‌ಫ್ಲೋ ಸುತ್ತ, ವೇವ್‌ಮೇಕರ್ ಮ್ಯಾಗ್ನೆಟ್ ಸುತ್ತ 5 ಸೆಂ.ಮೀ. ಬರಿ ಗಾಜು ಬಿಡಿ, ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಕಾರ್ಡಿನಿಂದ ಅಂಚು ಕೆರೀರಿ. ಮುಖ್ಯವಾಗಿ ಕಲ್ಲು ಹಿಂಗಾಜಿಗೆ ತಾಗಿರಬಾರದು. ತಾಗಿದ್ರೆ ಅದೇ ಸೇತುವೆ.

12. ಹಿಂಗೋಡೆ
ಕಲ್ಲಿಗೂ ಗಾಜಿಗೂ 8 ಸೆಂ.ಮೀ. ಬಿಡುವುದು ಹೇಗೂ ಇರಬೇಕು, ಕೊಳೆ ಕೂರದಂತೆ ನೀರು ಸುತ್ತುವುದಕ್ಕೆ. ಓವರ್‌ಫ್ಲೋ ವಿಷಯ ಸರಿ, ಒಪ್ಪಿದೆ.

13. ಎಂಟುಬೆರಳು
ಸಣ್ಣ ತಿದ್ದುಪಡಿ. ಜೋವಾ, ಮಶ್ರೂಮ್ ಎರಡೂ ಲೆಕ್ಕದಲ್ಲಿ ಸಾಫ್ಟ್ ಕೋರಲ್ ಅಲ್ಲ. ನಿಜವಾದ ಸಾಫ್ಟ್ ಕೋರಲ್‌ಗಳು ಆಕ್ಟೋಕೋರಲ್‌ಗಳು: ಪ್ರತಿ ಪಾಲಿಪಿಗೆ ಎಂಟೇ ತೋಳು, ತೋಳಿನ ಎರಡೂ ಬದಿಗೆ ಗರಿಯಂಥ ಎಳೆಗಳು. ಜೀನಿಯಾ, ಲೆದರ್, ಜಿಎಸ್‌ಪಿ, ಕ್ಲೋವ್ ಪಾಲಿಪ್ ಈ ಕಡೆಯವು. ಜೋವಾ, ಮಶ್ರೂಮ್ ಅವುಗಳದು ಕಲ್ಲುಹವಳ ಮತ್ತು ಸೀ ಅನಿಮೋನ್‌ಗಳ ಬಳಗ.

14. ಅಲೆಮನೆ
ಅದು ಗೊತ್ತಾದ್ರೆ ಜೋಡಣೆಗೆ ಏನು ಉಪಯೋಗ?

15. ಎಂಟುಬೆರಳು
ಉಪಯೋಗ ಇದೆ. ಆಕ್ಟೋಕೋರಲ್‌ಗಳ ಜಗಳ ಬಹುಪಾಲು ರಾಸಾಯನಿಕದ್ದು, ದೂರ ಇಟ್ಟು ಕಾರ್ಬನ್ ಹಾಕಿದರೆ ತಣ್ಣಗಾಗುತ್ತದೆ. ಮಶ್ರೂಮ್ ಹಾಗಲ್ಲ. ರೋಡಾಕ್ಟಿಸ್‌ನಂಥವು ಮುಟ್ಟಿದ ಹವಳವನ್ನು ಸುಡುತ್ತವೆ, ಅವಕ್ಕೆ ಕಾರ್ಬನ್ ಉತ್ತರವಲ್ಲ, ಅಂತರವೇ ಉತ್ತರ. ಪೂರ್ತಿ ಬಿಚ್ಚಿಕೊಂಡಾಗಿನ ಅಗಲ ಅಳೆದು ಅದರಾಚೆಗೆ 5 ಸೆಂ.ಮೀ. ಬಿಡಿ. ಎಲಿಫೆಂಟ್ ಇಯರ್ ಅನ್ನುವ ಆಂಪ್ಲೆಕ್ಸಿಡಿಸ್ಕಸ್ ಚಿಕ್ಕ ಮೀನನ್ನೇ ಚೀಲದ ಹಾಗೆ ಮುಚ್ಚಿ ನುಂಗುತ್ತದೆ. ಚೆಂದ ಕಂಡಿತು ಅಂತ ಈ ಟ್ಯಾಂಕಿಗೆ ತರಬೇಡಿ.

16. ನೀಲಿಹೊತ್ತು
ಜೋವಾ ತೋಟದ ಬಗ್ಗೆ ಬಿಡಿಸಿ ಹೇಳುತ್ತೇನೆ, ಬಣ್ಣದ ಕೆಲಸ ನಿಜವಾಗಿ ಇರುವುದು ಅಲ್ಲಿ. ಪ್ರತಿ ಜೋವಾಗೆ ಮೂರು ಬಣ್ಣ: ನಡುವಿನ ಬಾಯಿ, ಸುತ್ತಲಿನ ತಟ್ಟೆ, ಅಂಚಿನ ಎಳೆಗಳು. ಆರು ಬಗೆಯನ್ನೂ ಒಂದು ಬಿಳಿ ಟ್ರೇಯಲ್ಲಿ ಟ್ಯಾಂಕಿನದೇ ನೀರು ಹಾಕಿ ಸಾಲಾಗಿಡಿ. ಒಂದರ ತಟ್ಟೆಯ ಬಣ್ಣ ಪಕ್ಕದ್ದರ ಅಂಚಿನಲ್ಲಿ ಮರಳಿ ಬರುವ ಹಾಗೆ ಸಾಲು ಬದಲಿಸುತ್ತಾ ಹೋಗಿ. ಕಿತ್ತಳೆ ತಟ್ಟೆ ಹಸಿರು ಅಂಚಿನದರ ಪಕ್ಕ ಹಸಿರು ತಟ್ಟೆ ನೇರಳೆ ಅಂಚು, ಅದರ ಪಕ್ಕ ನೇರಳೆ ತಟ್ಟೆ. ಹೀಗೆ ಕೂಡಿಸಿದರೆ ಬೆಳೆದು ಸೇರಿಕೊಂಡಾಗ ಗಡಿಯೇ ಕಾಣದೆ ಒಂದರೊಳಗೊಂದು ಕರಗಿದಂತಿರುತ್ತದೆ. ಎಲ್ಲವೂ ಹಸಿರು ಅಂಚಿನವೇ ಆದರೆ ದೂರದಿಂದ ಬರೀ ಹಸಿರು, ಆರು ಬಗೆ ತಂದಿದ್ದು ವ್ಯರ್ಥ.

ಬೆಳೆಯುವ ವೇಗ ಒಂದೇ ಇರುವುದಿಲ್ಲ. ದೊಡ್ಡ ಪಾಲಿಪಿನ ಪಾಲಿಥೋವಾ (ಜೋವಾಗಳ ಹತ್ತಿರದ ಬಳಗ) ಬೇಗ ಹಬ್ಬಿ ಚಿಕ್ಕವುಗಳ ಮೇಲೆ ನೆರಳಾಗುತ್ತವೆ, ಅವನ್ನು ತೋಟದ ಹೊರಗಿಡಿ. ನಿಧಾನಿಗಳಿಗೆ ಮೇಲಿನ ಜಾಗ, ಬೇಗ ಹಬ್ಬುವವಕ್ಕೆ ಕೆಳಗಿನದು. ನಡುವೆ 4-5 ಸೆಂ.ಮೀ. ಬಿಟ್ಟು ಅಂಟಿಸಿ.

17. ಕಲ್ಲುಜೋಡಿ
ಇದು ಚೆನ್ನಾಗಿದೆ. ಅಂಟಿಸುವ ಕ್ರಮ ನಾನು ಸೇರಿಸುತ್ತೇನೆ. ಫ್ರ್ಯಾಗ್ ಕೂತಿರುವ ಪ್ಲಗ್‌ನ (ಬಿಲ್ಲೆಯ) ಕಾಲನ್ನು ಕಟರ್‌ನಿಂದ ತುಂಡರಿಸಿ. ಇಲ್ಲದಿದ್ದರೆ ಮೊಳೆ ಹೊಡೆದ ಹಾಗೆ ಎದ್ದಿರುತ್ತದೆ, ಗುಂಡಿ ಹೊಲಿದ ನೋಟಕ್ಕೆ ಅದೂ ಒಂದು ಕಾರಣ. ಅಂಟಿಸುವ ಜಾಗವನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಪಾಚಿ ತೆಗೆಯಿರಿ. ಎಪಾಕ್ಸಿ ಪುಟ್ಟಿಯನ್ನು ನೆಲ್ಲಿಕಾಯಿ ಗಾತ್ರ ನಾದಿ, ಎರಡೂ ಬದಿಗೆ ಜೆಲ್ ಸೂಪರ್‌ಗ್ಲೂ ಹಚ್ಚಿ, ಒಂದು ಬದಿಗೆ ಪ್ಲಗ್ ಕೂರಿಸಿ ನೀರಿನೊಳಗೆ ಇಳಿಸಿ. ಗ್ಲೂ ನೀರು ತಾಗಿದ ಕೂಡಲೇ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಬರೀ ಒತ್ತಿದರೆ ಆ ಪೊರೆ ಮಾತ್ರ ಕಲ್ಲಿಗೆ ತಾಗಿ ಮರುದಿನ ಬಿದ್ದಿರುತ್ತದೆ. ಒತ್ತಿ ಸ್ವಲ್ಪ ತಿರುಚಿ, ಪೊರೆ ಒಡೆದು ಹಸಿ ಗ್ಲೂ ಕಲ್ಲು ಹಿಡಿಯಲಿ. 20 ಎಣಿಸಿ ಬಿಡಿ. ವೇವ್‌ಮೇಕರ್ ಒಂದು ಗಂಟೆ ನಿಂತಿರಲಿ.

18. ನಿರ್ವಾಹಕರು
ಜೋವಾ ಕೀಳುವ ಮಾತು ಬಂದಿರುವುದರಿಂದ ಇದನ್ನು ದಯವಿಟ್ಟು ಓದಿಯೇ ಕೈ ಹಾಕಿ. ಪಾಲಿಥೋವಾ ಮತ್ತು ಕೆಲವು ಜೋವಾಗಳಲ್ಲಿ ಪಾಲಿಟಾಕ್ಸಿನ್ ಇರುತ್ತದೆ. 1971ರಲ್ಲಿ ಹವಾಯಿಯ ಪಾಲಿಥೋವಾದಿಂದ ಬೇರ್ಪಡಿಸಿದ ಈ ವಿಷ ಗೊತ್ತಿರುವ ಅತಿ ತೀವ್ರ ವಿಷಗಳಲ್ಲೊಂದು. ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಕತ್ತರಿಸುವಾಗ ರಸ ಚಿಮ್ಮುತ್ತದೆ, ಮುಖ ಹತ್ತಿರ ಇಡಬೇಡಿ. ಕೈಯಲ್ಲಿ ಗಾಯ ಇದ್ದರೆ ಕೆಲಸ ಮುಂದೂಡಿ. ಜೋವಾ ಇರುವ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿದ ಮೇಲೆ ಉಜ್ಜಬೇಡಿ. ಆವಿಯಲ್ಲೂ ದೂಳಿನಲ್ಲೂ ವಿಷ ಎದ್ದು ಶ್ವಾಸಕ್ಕೆ ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರುವಂತಾಗುತ್ತದೆ. ಬಾಯಲ್ಲಿ ಲೋಹದ ರುಚಿ, ತುಟಿ ಜೋಮು, ಉಸಿರಾಟಕ್ಕೆ ಕಷ್ಟ, ಜ್ವರ ಕಂಡರೆ ತಕ್ಷಣ ವೈದ್ಯರ ಬಳಿ ಹೋಗಿ ಪಾಲಿಟಾಕ್ಸಿನ್ ಹೆಸರು ಹೇಳಿ. ಪ್ರತಿವಿಷ ಇಲ್ಲ, ಲಕ್ಷಣಕ್ಕೆ ತಕ್ಕ ಚಿಕಿತ್ಸೆ ಮಾತ್ರ.

19. ಉಪ್ಪುಗಾಳಿ
ಧನ್ಯವಾದ, ಗ್ಲೌಸ್ ಕನ್ನಡಕ ಎರಡೂ ತರಿಸುತ್ತೇನೆ. ಮಶ್ರೂಮ್‌ಗೆ ಗ್ಲೂ ಹಿಡಿಯುತ್ತಲೇ ಇಲ್ಲ, ಲೋಳೆ ಬಿಟ್ಟು ಜಾರಿಕೊಳ್ಳುತ್ತದೆ. ಒಂದು ಆಗಲೇ ಕಿತ್ತುಕೊಂಡು ತೇಲುತ್ತಿದೆ.

20. ಮೃದುಹವಳ
ಮಶ್ರೂಮ್‌ಗೆ, ಜೀನಿಯಾಗೆ, ಲೆದರ್‌ಗೆ ಗ್ಲೂ ಮರೆತುಬಿಡಿ. ಮಶ್ರೂಮ್ ತಾನಾಗಿ ಕಿತ್ತುಕೊಂಡು ಹೊರಟಿದೆ ಅಂದರೆ ಆ ಜಾಗದಲ್ಲಿ ಬೆಳಕೋ ಅಲೆಯೋ ಜಾಸ್ತಿ, ಅಥವಾ ಹೊಟ್ಟೆಗಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಉಗುರಿನಷ್ಟು ದೊಡ್ಡ ಕಲ್ಲುಚೂರು ಹಾಸಿ, ಮಶ್ರೂಮ್‌ನ ಪಾದ ಕೆಳಗಾಗಿ ಬಿಟ್ಟು, ಬಾಯಿಗೆ ಸೊಳ್ಳೆಪರದೆ ಬಲೆ ಕಟ್ಟಿ, ಟ್ಯಾಂಕಿನ ತಳದಲ್ಲಿ ಅಲೆ ಕಮ್ಮಿ ಇರುವ ಮೂಲೆಗಿಡಿ. ಒಂದೆರಡು ವಾರದಲ್ಲಿ ಚೂರು ಹಿಡಿದಿರುತ್ತದೆ. ಆಮೇಲೆ ಆ ಚೂರಿಗೆ ಗ್ಲೂ ಹಾಕಿ ಬೇಕಾದಲ್ಲಿ ಅಂಟಿಸಿ.

ಲೆದರ್ ತುಂಡಿಗೆ ಬುಡದಲ್ಲಿ ಹಲ್ಲುಕಡ್ಡಿ ಅಡ್ಡ ಚುಚ್ಚಿ, ಕಡ್ಡಿಯ ಎರಡು ತುದಿಗೆ ರಬ್ಬರ್‌ಬ್ಯಾಂಡ್ ಹಾಕಿ ಕಲ್ಲಿಗೆ ಬಿಗಿಯಿರಿ. ರಬ್ಬರ್ ಮಾಂಸಕ್ಕೆ ನೇರ ತಾಗಿದರೆ ಕೊಯ್ದು ಎರಡು ತುಂಡು ಮಾಡುತ್ತದೆ. ಹತ್ತು ದಿನಕ್ಕೆ ಕಡ್ಡಿ ತೆಗೆಯಬಹುದು. ಜೀನಿಯಾಗೆ ಚುಚ್ಚುವುದೂ ಬೇಡ, ಪಕ್ಕದಲ್ಲಿ ಕಲ್ಲುಚೂರು ಇಟ್ಟರೆ ತಾನೇ ಹತ್ತಿಕೊಳ್ಳುತ್ತದೆ. ಅದು ಮೇಲಕ್ಕೆ ಬೆಳಕಿನ ಕಡೆಗೇ ಹತ್ತುವುದು ಹೆಚ್ಚು, ಬಿಡಿಕಲ್ಲು ಗಿಡ್ಡ ಇರಲಿ.

21. ಹಿಂಗೋಡೆ
ಜೀನಿಯಾ ಪಾಲಿಪ್ ಮುಚ್ಚಿ ತೆರೆದು ಬಡಿಯುವುದು ನಿಲ್ಲಿಸಿದರೆ ಏನು ಮಾಡಬೇಕು? ಯಾರೂ ಸರಿಯಾದ ಉತ್ತರ ಕೊಡಲ್ಲ.

22. ಎಂಟುಬೆರಳು
ಒಂದೇ ಕಾರಣ ಹೇಳಲಾಗದು. ಯಾಕೆ ಬಡಿಯುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಕೆಂಪು ಸಮುದ್ರದ ಹೆಟೆರೋಜೀನಿಯಾ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಡಿತದಿಂದ ಮೈಸುತ್ತ ನಿಂತ ಆಮ್ಲಜನಕ ದೂರವಾಗಿ ದ್ಯುತಿಸಂಶ್ಲೇಷಣೆ ಗಣನೀಯವಾಗಿ ಹೆಚ್ಚುತ್ತದೆ. ಬಲವಾದ ಅಲೆ ಎದುರಿಗೇ ಬೀಳುವಲ್ಲಿ ಇಡಬೇಡಿ, ಪಕ್ಕದಿಂದ ಸವರಿ ಹೋಗುವ ಅಲೆ ಕೊಡಿ. ಆಲ್ಕಲಿನಿಟಿ ಒಂದೇ ದಿನದಲ್ಲಿ 1 ಡಿಕೆಎಚ್ ಏರಿಳಿದಿದೆಯಾ ನೋಡಿ.

23. ಸಂಪುಗಾರ
ಹೊಸ ಜೋವಾ ತಂದ್ರೆ ಡಿಪ್ ಮಾಡದೆ (ಹುಳ ಸಾಯಿಸೋ ದ್ರಾವಣದಲ್ಲಿ ಅದ್ದದೆ) ತೋಟಕ್ಕೆ ಹಾಕಬೇಡಿ. ಜೋವಾ ತಿನ್ನೋ ನ್ಯುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಹುಳ) ತಿಂದ ಜೋವಾದ ಬಣ್ಣವನ್ನೇ ಮೈಗೆ ತಂದ್ಕೊಳ್ಳುತ್ತೆ, ಮುಚ್ಚಿದ ಪಾಲಿಪ್ ಅಂತ ಕಣ್ಣು ಮೋಸ ಹೋಗುತ್ತೆ. ಕಾಂಡದ ಬುಡ ತಿರುಗಿಸಿ ನೋಡಿ, ಮೊಟ್ಟೆ ಬಿಳಿ ಸುರುಳಿಯಾಗಿ ಅಂಟಿರುತ್ತೆ. ಡಿಪ್ ಹುಳ ಸಾಯಿಸುತ್ತೆ, ಮೊಟ್ಟೆ ಸಾಯಿಸಲ್ಲ. ಮೊಟ್ಟೆ ಕೈಯಿಂದ ಕೆರೆದು, ಐದಾರು ದಿನಕ್ಕೊಮ್ಮೆ ಮೂರು ಸಲ ಡಿಪ್ ಮಾಡಿ. ಹಳೇ ಪ್ಲಗ್ ಎಸೀರಿ, ಐಪ್ಟೇಸಿಯಾ (ಬೇಡದ ಪುಟ್ಟ ಅನಿಮೋನ್) ಬರೋದು ಅದರ ಸಂದಿಯಲ್ಲೇ.

24. ಚಿಗುರುಹವಳ
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕಾರ್ನೇಷನ್ ಕೋರಲ್ ಹಾಕಿದರೆ ಬಣ್ಣದ ಪ್ರಶ್ನೆಯೇ ಇರುವುದಿಲ್ಲವಲ್ಲ? ಅಷ್ಟು ಕಡುಗೆಂಪು ಬೇರೆ ಯಾವುದಕ್ಕಿದೆ?

25. ಮೃದುಹವಳ
ಕಾರ್ನೇಷನ್, ಅಂದರೆ ಡೆಂಡ್ರೋನೆಫ್ಥಿಯಾ, ದಯವಿಟ್ಟು ಬೇಡ. ಅದರ ಮೈಯಲ್ಲಿ ಬೆಳಕಿನಿಂದ ಅನ್ನ ಮಾಡಿಕೊಡುವ ಪಾಚಿ ಇಲ್ಲ, ಹಗಲು ರಾತ್ರಿ ನೀರಿನಲ್ಲಿ ತೇಲುವ ಸೂಕ್ಷ್ಮ ಆಹಾರವನ್ನೇ ನಂಬಿದ್ದು. ಸಾಮಾನ್ಯ ಟ್ಯಾಂಕಿನಲ್ಲಿ ಕೆಲವು ವಾರ, ತಿಂಗಳು ಕುಗ್ಗುತ್ತಾ ಹೋಗಿ ಸಾಯುತ್ತದೆ. ಬಣ್ಣ ಚೆಂದ ಅಂತ ಒಂದು ಜೀವವನ್ನು ಹಸಿವಿಗೆ ತರುವುದು ಸರಿಯಲ್ಲ. ಕೆಂಪು ಬೇಕಾದರೆ ಡಿಸ್ಕೋಸೋಮಾ, ಕಿತ್ತಳೆಗೆ ರಿಕಾರ್ಡಿಯಾ ಇದೆ, ಎರಡೂ ಮಶ್ರೂಮ್‌ಗಳೇ.

26. ಉಪ್ಪುಗಾಳಿ
ಎಲ್ಲರ ಮಾತು ಸೇರಿಸಿ ಹೀಗೆ ಯೋಚಿಸಿದ್ದೇನೆ. ಟೋಡ್‌ಸ್ಟೂಲ್ ಎಡ ನಡುಮಟ್ಟ, ಅದರ ಬುಡದ ನೆರಳಿನಲ್ಲಿ ಕೆಂಪು ಮಶ್ರೂಮ್ ಒಂದು ಗುಂಪು, ನೀಲಿ ಇನ್ನೊಂದು. ಫಿಂಗರ್ ಬಲತುದಿ. ಜೋವಾ ತೋಟ ಮುಂದಿನ ಇಳಿಜಾರು, ಮೀಟರ್‌ನಲ್ಲಿ ಅಲ್ಲಿ ಪಾರ್ (ಹವಳಕ್ಕೆ ಸಿಗುವ ಬೆಳಕಿನ ಅಳತೆ) 110. ಟೋಡ್‌ಸ್ಟೂಲ್ ಜಾಗ 140, ಮಶ್ರೂಮ್ ಜಾಗ 50. ಜಿಎಸ್‌ಪಿ ಬಿಡಿಕಲ್ಲು ಮುಂದೆ ಬಲಕ್ಕೆ, ಜೀನಿಯಾ ಬಿಡಿಕಲ್ಲು ಮುಂದೆ ಎಡಕ್ಕೆ. ಲೈಟ್ 100ರಿಂದ 60 ಪ್ರತಿಶತಕ್ಕೆ ಇಳಿಸಿ, ನಾಲ್ಕು ದಿನಕ್ಕೆ 5ರಂತೆ ಏರಿಸುತ್ತೇನೆ. ತಪ್ಪಿದ್ದರೆ ಹೇಳಿ.

27. ನೀಲಿಹೊತ್ತು
ಕೆಂಪು ಮಶ್ರೂಮ್ ನೆರಳಿನಲ್ಲಿ ಹಿಂದಕ್ಕೆ ಹೋದರೆ ಸಂಜೆಯ ನೀಲಿ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕೆಂಪನ್ನು ನೆರಳಿನ ಮುಂಚೂಣಿಗೆ ತನ್ನಿ, ನೀಲಿಯನ್ನು ಒಳಕ್ಕೆ ಇಡಿ. ಉಳಿದದ್ದು ಚೆನ್ನಾಗಿದೆ.

28. ಅಲೆಮನೆ
ಟೋಡ್‌ಸ್ಟೂಲ್ ಪೊರೆ ಕಳಚೋವರೆಗೆ ಅದನ್ನು ಮಾತ್ರ ಕದಲಿಸಬೇಡಿ, ಎಡಗಡೆ ವೇವ್‌ಮೇಕರ್ ಅದರ ತಲೆ ಸವರುವ ಹಾಗೆ ತಿರುಗಿಸಿ ಸಾಕು. ಬೇರೆಯದೆಲ್ಲ ಈ ವಾರ, ಅದು ಬಿಚ್ಚಿದ ಮೇಲೆ ಅದು.

29. ಕಲ್ಲುಜೋಡಿ
ಬಿಡಿಕಲ್ಲು ಎರಡನ್ನೂ ಮುಂಗಾಜಿಗೆ ಒತ್ತಿ ಇಡಬೇಡಿ, ಗಾಜು ಉಜ್ಜುವ ಮ್ಯಾಗ್ನೆಟ್ ಹೋಗಲು 8 ಸೆಂ.ಮೀ. ಬೇಕು. ಕಲ್ಲನ್ನು ಮರಳಿನ ಮೇಲಲ್ಲ, ಮರಳು ಸರಿಸಿ ತಳದ ಗಾಜಿನ ಮೇಲೆ ಕೂರಿಸಿ. ಮರಳು ತೋಡುವ ಸೀಗಡಿ, ಗೋಬಿ ಇದ್ದರೆ ಕಲ್ಲು ಉರುಳುತ್ತದೆ, ಉರುಳಿದ ದಿನವೇ ಜಿಎಸ್‌ಪಿ ಮುಖ್ಯ ಕಲ್ಲಿಗೆ ತಾಗುತ್ತದೆ.

30. ಉಪ್ಪುಗಾಳಿ
ಪಿಸ್ತೂಲ್ ಸೀಗಡಿ ಒಂದು ಇದೆ. ಹಾಗಾದರೆ ತಳಕ್ಕೇ ಕೂರಿಸುತ್ತೇನೆ. ಇವತ್ತು ಜಿಎಸ್‌ಪಿ ಎಬ್ಬಿಸುತ್ತೇನೆ, ಟೋಡ್‌ಸ್ಟೂಲ್ ಮುಟ್ಟುವುದಿಲ್ಲ.